ಮಲಗಿದವರಿಗೊಂದು ಕಿಟಕಿ

ಕಾರು ನಮ್ಮ ಶೆಡ್ಡಿಗೆ ಬಂದಾಗ ಅದರ ನೆತ್ತಿಯ ಮೇಲೆ ನೀಲಿ ಟಾರ್ಪಾಲಿನ ತುಂಡೊಂದನ್ನು ಹೊದಿಸಿ ಸುತ್ತಲೂ ಪ್ಯಾಕಿಂಗ್ ಟೇಪು ಮೆತ್ತಿದ್ದರು. ನಮ್ಮ ಶೆಡ್ಡು ಕುಮಾರಸ್ವಾಮಿ ಲೇಔಟಿನ ಏರಿನ ಮೇಲಿದೆ. ಮುಂದಿನ ರಸ್ತೆ ನೇರ ಇಳಿಜಾರು. ಹಾಗಾಗಿ ಬರುವ ಕಾರಿಗಿಂತ ಮೊದಲು ಅದರ ಮೇಲ್ಛಾವಣಿ ನನಗೆ ಕಾಣುತ್ತದೆ. ರಿಪೇರಿಯಾಗಿ ಹೋಗುವ ಕಾರಿನದೂ ಕೊನೆಗೆ ಕಾಣುವುದು ಅದೇ. ಟಾರ್ಪಾಲು ನೋಡಿದ ಕೂಡಲೇ ಕೆಲಸ ಏನೆಂದು ಅರ್ಥವಾಯಿತು.

ಓಡಿಸಿಕೊಂಡು ಬಂದವರು ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರು. ಹಣೆಯಲ್ಲಿ ವಿಭೂತಿ, ಮುಖದಲ್ಲಿ ಸುಸ್ತು. ಹಿಂದಿನ ವಾರದ ಗಾಳಿಮಳೆಗೆ ಅವರ ಮನೆ ಎದುರಿನ ಗುಲ್‌ಮೊಹರ್ ಮರದ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಿತ್ತು. ಕಾರಿನ ತಗಡಿಗೆ ಹೆಚ್ಚೇನೂ ಆಗಿರಲಿಲ್ಲ. ಹಿಂದಿನ ಸೀಟಿನ ಮೇಲ್ಗಡೆ ಕಂಪನಿಯವರೇ ಕೂರಿಸಿದ್ದ ಗಾಜು ಮಾತ್ರ ಪುಡಿಪುಡಿಯಾಗಿತ್ತು.

"ಆ ಮಾಡೆಲ್ಲೇ ನಿಂತೋಗಿದೆ ಸಾರ್, ಗಾಜು ಎಲ್ಲೂ ಸಿಗ್ತಿಲ್ಲ. ನಿಮ್ಮ ಹತ್ರ ಹೋದ್ರೆ ಏನಾದ್ರೂ ಮಾಡ್ತೀರ ಅಂದ್ರು," ಎಂದರು.

ನನ್ನ ಜೊತೆ ಕೆಲಸ ಮಾಡುವ ವೆಲ್ಡರ್ ಕಲಬುರಗಿ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಾನೆ. ಅವನು ಸ್ಟೂಲು ಹತ್ತಿ ಟಾರ್ಪಾಲು ಎತ್ತಿ ನೋಡಿದ. "ಒಂದು ತಗಡ ಬಡದು, ಪುಟ್ಟಿ ಮೆತ್ತಿ, ಬಣ್ಣಾ ಹೊಡದು ಕೊಟ್ಟಬಿಡೂಣ್ರಿ ಅಣ್ಣಾರ. ಅಲ್ಲಿ ತೂತಿತ್ತು ಅಂತ ಇವ್ರ ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ."

"ನಂಗೆ ಗೊತ್ತಾಗತ್ತೆ ಕಣಪ್ಪ," ಎಂದಿತು ಕಾರಿನೊಳಗಿಂದ ಒಂದು ಹೆಂಗಸಿನ ದನಿ.

ವೆಲ್ಡರ್ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಬಗ್ಗಿ ನೋಡಿದರೆ, ಹಿಂದಿನ ಸೀಟು ಮಡಚಿ ಹಾಸಿದ ಹಾಸಿಗೆಯ ಮೇಲೆ ಯಜಮಾನರ ಹೆಂಡತಿ ಅಂಗಾತ ಮಲಗಿದ್ದರು. ಎದೆಗೊಂದು, ಕಾಲಿಗೊಂದು ಬೆಲ್ಟು. ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಚುರುಕು.

ಅವರಿಗೆ ಬೆನ್ನುಹುರಿಯ ಆಪರೇಷನ್ ಆಗಿತ್ತು. ಕೂರುವಂತಿರಲಿಲ್ಲ. ಗೊಟ್ಟಿಗೆರೆಯಲ್ಲಿ ವ್ಯಾಯಾಮ ಮಾಡಿಸುವ ಕಡೆಗೆ ದಿನ ಬಿಟ್ಟು ದಿನ ಹೀಗೇ ಮಲಗಿಕೊಂಡು ಹೋಗಬೇಕು. ಗಾಜು ಇದ್ದಷ್ಟು ದಿನ ಮೇಲಿನ ಮರಗಳನ್ನು ನೋಡುತ್ತ ಆರಾಮಾಗಿ ಹೋಗಿಬರುತ್ತಿದ್ದರಂತೆ. ಟಾರ್ಪಾಲು ಬಿದ್ದ ಮೇಲೆ ತಲೆ ತಿರುಗಿ ವಾಂತಿ. ಎರಡು ಸಲ ಅರ್ಧ ದಾರಿಯಿಂದ ವಾಪಸ್ ಬಂದಿದ್ದರು.

"ಬೇರೆ ಕಾರು ಮಾಡ್ಕೊಂಡು ಹೋಗಬಹುದಲ್ಲಮ್ಮ?" ಎಂದೆ.

"ಬೇರೆ ಕಾರಲ್ಲಿ ಮಲಗಿ ಮೇಲೆ ನೋಡಿದ್ರೆ ಏನು ಕಾಣತ್ತೆ? ರೂಫಿಗೆ ಅಂಟಿಸಿರೋ ಬಟ್ಟೆ. ಮದುವೆ ಆದಾಗಿಂದ ಬಟ್ಟೆ ನೋಡಿ ನೋಡಿ ಸಾಕಾಗಿದೆ. ಆಕಾಶ ಕಾಣೋ ತನಕ ನಾನು ಈ ಕಾರು ಹತ್ತಲ್ಲ. ಇವತ್ತೇ ಕೊನೆ."

ಯಜಮಾನರು ನನ್ನನ್ನು ಕಾಂಪೌಂಡಿನ ಹತ್ತಿರ ಕರೆದು ದನಿ ತಗ್ಗಿಸಿದರು. "ಹಟ ಅಲ್ಲ ಸಾರ್ ಅದು, ನಿಜವಾಗ್ಲೂ ಆಗಲ್ಲ ಅವಳಿಗೆ. ಡಾಕ್ಟರಮ್ಮ ಹೇಳಿದಾರೆ, ಈಗ ವ್ಯಾಯಾಮ ತಪ್ಪಿಸಿದ್ರೆ ಸೊಂಟ ಗಟ್ಟಿಯಾಗೋಗತ್ತೆ, ಆಮೇಲೆ ಕೂರಿಸೋದು ಕಷ್ಟ ಅಂತ. ಬೇಗ ಮಾಡ್ಕೊಡಿ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು ನಾನು. ತಗಡು ನನ್ನ ಮಾತು ಕೇಳುತ್ತದೆ, ಇದು ಜಂಬವಲ್ಲ, ಬೇಕಾದವರು ಬಂದು ನೋಡಬಹುದು. ಆದರೆ ಒಂದು ಕೆಲಸಕ್ಕೆ ನಾನು ಒಪ್ಪುವುದಿಲ್ಲ: ಕಂಪನಿಯವರು ಜಾಗ ಬಿಡದ ಕಡೆ ರೂಫ್ ಕೊರೆಯುವುದು. ಶೋಕಿಗೆ ಕೊರೆಸಲು ಬಂದ ಎಷ್ಟೋ ಹುಡುಗರನ್ನು ವಾಪಸ್ ಕಳಿಸಿದ್ದೇನೆ. ಇಲ್ಲಿ ಕಂಪನಿಯದೇ ಕಂಡಿಯಿತ್ತು, ಸುತ್ತ ಗಟ್ಟಿ ಚೌಕಟ್ಟಿತ್ತು. ಗಾಜಿನ ಬದಲು ಅಕ್ರಿಲಿಕ್ ಹಾಳೆ ಕೂರಿಸಿದರಾಯಿತು.

"ಶುಕ್ರವಾರ ಬನ್ನಿ," ಎಂದುಬಿಟ್ಟೆ.

ಅಮ್ಮನವರನ್ನು ಮನೆಗೆ ಬಿಟ್ಟು ಬಂದು ಯಜಮಾನರು ಕಾರನ್ನು ನಮ್ಮಲ್ಲಿ ನಿಲ್ಲಿಸಿದರು. ನಾನು ರಟ್ಟಿನಲ್ಲಿ ಕಂಡಿಯ ಅಳತೆ ತೆಗೆದು, ಮೂಲೆಗಳ ದುಂಡನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು ತಿಲಕ್ ನಗರಕ್ಕೆ ಹೋದೆ. ಅಲ್ಲಿ ಅಂಗಡಿ ಬೋರ್ಡುಗಳಿಗೆ ಅಕ್ರಿಲಿಕ್ ಅಕ್ಷರ ಕತ್ತರಿಸಿಕೊಡುವ ಭಾಯ್ ಒಬ್ಬರಿದ್ದಾರೆ. ಮುಚ್ಚಿಹೋದ ಬೇಕರಿಯೊಂದರ ಓವನ್ ಕೊಂಡು ತಂದು, ಹಾಳೆಯನ್ನು ಅದರಲ್ಲಿ ಕಾಯಿಸಿ ಬೇಕಾದ ಆಕಾರಕ್ಕೆ ಬಗ್ಗಿಸುತ್ತಾರೆ. ಇಷ್ಟು ಕಾಲವಾದರೂ ಅದರ ಬಾಗಿಲು ತೆಗೆದರೆ ಮೊದಲು ಬರುವುದು ಬನ್ನಿನ ವಾಸನೆ.

ಭಾಯ್ ರಟ್ಟನ್ನು ತಿರುಗಿಸಿ ನೋಡಿದರು. "ರೂಫ್ ಅಂದ್ರೆ ಡೊಂಕು ಇರತ್ತಲ್ಲ ಅಣ್ಣ? ಅಚ್ಚು ತನ್ನಿ, ಓವನ್‌ನಲ್ಲಿ ಕಾಯಿಸಿ ಬಗ್ಗಿಸಿಕೊಡ್ತೀನಿ."

"ಡೊಂಕು ಸ್ವಲ್ಪಾನೇ ಇರೋದು. ಚಪ್ಪಟೆ ಹಾಳೆ ಕೊಡಿ ಸಾಕು. ಸ್ಕ್ರೂ ಹಾಕಿ ಎಳೆದು ಕೂರಿಸ್ತೀನಿ."

"ಅಣ್ಣ, ಇದು ತಗಡಲ್ಲ. ಬಿಸಿಲಿಗೆ ಹಿಗ್ಗತ್ತೆ, ತಣ್ಣಗಾದ್ರೆ ಕುಗ್ಗತ್ತೆ. ನಾಲ್ಕೂ ಕಡೆ ಹಿಡಿದು ಬಿಗಿದ್ರೆ ಅದು ಎಲ್ಲಿಗೆ ಹೋಗ್ಬೇಕು, ಪಾಪ?"

"ನಾನು ನೋಡ್ಕೋತೀನಿ ಬಿಡಿ ಭಾಯ್."

ಬೆರಳಿನ ಅರ್ಧದಷ್ಟು ದಪ್ಪದ, ತುಸು ಹೊಗೆಬಣ್ಣದ ಹಾಳೆ ತಂದೆ. ಅಂಚು ಉಜ್ಜಿ ನುಣುಪು ಮಾಡಿದೆ. ಸುತ್ತ ತೂತು ಕೊರೆದು, ಕೆಳಗೆ ರಬ್ಬರು ಕೊಟ್ಟು, ಒಂದೊಂದೇ ಸ್ಕ್ರೂ ತಿರುಗಿಸುತ್ತ ಹೋದಂತೆ ಹಾಳೆ ಬಗ್ಗಿ ಚೌಕಟ್ಟಿಗೆ ಅಂಟಿಕೊಂಡಿತು. ನೋಡಲು ಸಖತ್ತಾಗಿತ್ತು. ಅಂಚಿಗೆ ತುಂಬಿದ ಸಿಲಿಕಾನ್ ಅಂಟು ಒಣಗಲಿ ಎಂದು ಕಾರನ್ನು ಬಿಸಿಲಿಗೆ ನಿಲ್ಲಿಸಿದೆ.

ಮಾರನೇ ದಿನ ಮಧ್ಯಾಹ್ನ ನಾವಿಬ್ಬರೂ ಬುತ್ತಿ ಬಿಚ್ಚಿ ಕೂತಿದ್ದೆವು. ಹೊರಗಡೆ "ಟಪ್" ಎಂದಿತು. ಎದ್ದು ನೋಡಿದರೆ ಒಂದು ಸ್ಕ್ರೂವಿನ ತೂತಿನಿಂದ ಹೊರಟ ಬಿರುಕು ಎದುರಿನ ಅಂಚಿಗೆ ಮುಟ್ಟಿತ್ತು. ನಾವು ನೋಡುತ್ತಿದ್ದಂತೆಯೇ ಇನ್ನೊಂದು ಮೂಲೆಯಲ್ಲಿ ಮತ್ತೊಂದು "ಟಪ್".

"ಹಪ್ಪಳಾ ಮುರದಂಗ ಆತು ನೋಡ್ರಿ," ಎಂದ ವೆಲ್ಡರ್, ಅನ್ನ ಕಲಸಿದ ಕೈ ಹಾಗೇ ಹಿಡಿದುಕೊಂಡು.

ಅವನ ಮೇಲೆ ರೇಗಿದೆ. ಅವನದೇನೂ ತಪ್ಪಿರಲಿಲ್ಲ.

ಯಜಮಾನರಿಗೆ ಫೋನು ಮಾಡಿ ಇನ್ನೂ ಸ್ವಲ್ಪ ದಿನ ಬೇಕೆಂದೆ. ಅವರು "ಆಯ್ತು" ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿಸಿತು.

"ಶುಕ್ರವಾರ ಅಂದಿದ್ರಿ. ಯಾವ ಶುಕ್ರವಾರ ಅಂತ ಕೇಳೋಕೆ ಮರೆತಿದ್ದೆ ನೋಡಿ," ಎಂದರು ಅಮ್ಮನವರು. ಆಮೇಲೆ ಅವರೇ ಮೆತ್ತಗಾಗಿ, "ಪರವಾಗಿಲ್ಲ, ಒಡೆದದ್ದು ಅಲ್ಲೇ ಒಡೀತಲ್ಲ, ನನ್ನ ಮುಖದ ಮೇಲೆ ಒಡೀಲಿಲ್ಲ," ಎಂದರು.

ಆ ಮಾತು ನನಗೆ ಬಿರುಕಿಗಿಂತ ಹೆಚ್ಚು ನಾಟಿತು. ಕೆಳಗೆ ಮಲಗಿರುವವರು ಪಕ್ಕಕ್ಕೆ ಸರಿಯಲೂ ಆಗದವರು.

ಆ ಸಂಜೆ ಒಡೆದ ಹಾಳೆಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟುಕೊಂಡು ನೋಡಿದೆ. ಬಿರುಕು ಬಿಟ್ಟದ್ದೆಲ್ಲ ತೂತುಗಳಿಂದಲೇ, ಬೇರೆ ಒಂದು ಕಡೆಯಿಂದಲೂ ಇಲ್ಲ. ನನ್ನ ಕೈಯಲ್ಲಿ ಇಷ್ಟು ವರ್ಷ ಎಲ್ಲ ಕೆಲಸವೂ ಬಿಗಿಯುವುದರಿಂದಲೇ ಮುಗಿದಿದೆ. ಸಡಿಲವಾದದ್ದನ್ನು ಬಿಗಿ ಮಾಡಿದರೆ ರಿಪೇರಿಯಾಯಿತು ಎಂದೇ ಲೆಕ್ಕ. ಈ ವಸ್ತು ಅದಕ್ಕೆ ಒಪ್ಪುವುದಿಲ್ಲ. ಹಾಗಾದರೆ ಒಂದು ತೂತನ್ನೂ ಕೊರೆಯುವುದು ಬೇಡ, ಹಾಳೆ ಚೌಕಟ್ಟಿನೊಳಗೆ ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿರಲಿ ಎಂದು ಆಗಲೇ ತೀರ್ಮಾನ ಮಾಡಿದೆ.

ಬೆಳಗ್ಗೆ ತಿಲಕ್ ನಗರಕ್ಕೆ ಹೋದಾಗ ಭಾಯ್ ನನ್ನ ಮುಖ ನೋಡಿ ಚಾಯ್ ಹೇಳಿದರು. "ಕೂತ್ಕೊಳ್ಳಿ ಅಣ್ಣ. ಎಲ್ಲಿಂದ ಒಡೀತು, ತೂತಿಂದ ತಾನೆ? ನಂದು ಮೂರು ಒಡೆದಿತ್ತು, ಆಮೇಲೆ ಬುದ್ಧಿ ಬಂತು. ನಿಮಗೆ ಒಂದಕ್ಕೇ ಬಂದಿದೆ."

ಅಚ್ಚು ಮಾಡುವುದು ನನ್ನ ಪಾಲಿನ ಕೆಲಸ. ಕಾರಿನ ರೂಫ್ ಎರಡು ಕಡೆಗೂ ಬಾಗಿರುತ್ತದೆ, ಉದ್ದಕ್ಕೂ ಅಡ್ಡಕ್ಕೂ. ಪ್ಲೈವುಡ್ಡಿನ ಪಕ್ಕೆಲುಬುಗಳನ್ನು ರೂಫಿನ ಬಾಗಿಗೆ ಸರಿಯಾಗಿ ಕತ್ತರಿಸಿ ನಿಲ್ಲಿಸಿದೆ. ಅದರ ಮೇಲೆ ತೆಳು ತಗಡನ್ನು ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಕೂರಿಸಿದೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು, ಅಲ್ಲಿಯವರೆಗೂ ತಟ್ಟಿದೆ. ಬಿಸಿ ಹಾಳೆಗೆ ತಗಡಿನ ಗುರುತು ಹತ್ತಬಾರದೆಂದು ಮೇಲೆ ಮೆತ್ತನೆ ಬಟ್ಟೆ ಹೊದಿಸಬೇಕಿತ್ತು. ಯಜಮಾನರಿಗೆ ಹೇಳಿದ್ದಕ್ಕೆ ಅಂಗಡಿಯಿಂದ ಬಿಳಿ ಫ್ಲಾನಲ್ಲಿನ ಇಡೀ ಸುರುಳಿಯನ್ನೇ ಹೊತ್ತು ತಂದರು.

"ಇಷ್ಟು ಬೇಡ ಸಾರ್, ಒಂದು ಮೀಟರ್ ಸಾಕು."

"ಇರ್ಲಿ. ನನ್ನ ಕೈಲಿ ಆಗೋದು ಇದೊಂದೇ," ಎಂದರು. ನಾನು ಮತ್ತೆ ಬೇಡ ಎನ್ನಲಿಲ್ಲ.

ಅಚ್ಚನ್ನು ಆಟೋದಲ್ಲಿ ಹಾಕಿಕೊಂಡು ಹೋದೆವು. ಮೊದಲು ಒಂದು ಚೂರನ್ನು ಪರೀಕ್ಷೆಗೆ ಕಾಯಿಸಿದಾಗ ಒಳಗೆ ಸಣ್ಣ ಗುಳ್ಳೆಗಳೆದ್ದವು. ಮಳೆಗಾಲದ ತೇವ ಹಾಳೆಯೊಳಗೂ ಇಳಿದಿರುತ್ತದೆ ಎಂದರು ಭಾಯ್. ಅದಕ್ಕೇ ದೊಡ್ಡ ಹಾಳೆಯನ್ನು ಮೊದಲು ಸಣ್ಣ ಶಾಖದಲ್ಲಿ ಬಹಳ ಹೊತ್ತು ಒಣಗಿಸಿ ಆಮೇಲೆ ಶಾಖ ಏರಿಸಿದರು. ಗಾಜಿನಂತೆ ನಿಂತಿದ್ದ ಹಾಳೆ ನೋಡನೋಡುತ್ತ ಒದ್ದೆ ಪಂಚೆಯ ಹಾಗೆ ಜೋತುಬಿತ್ತು. ನಾನೊಂದು ತುದಿ, ಭಾಯ್ ಒಂದು ತುದಿ ದಪ್ಪ ಗ್ಲೌಸಿನಲ್ಲಿ ಹಿಡಿದು ಅಚ್ಚಿನ ಮೇಲೆ ಇಳಿಸಿದೆವು.

"ಒತ್ಬೇಡಿ ಅಣ್ಣ! ಅದೇ ಮಲಕ್ಕೊಳ್ಳತ್ತೆ."

ಒತ್ತಲು ಹೋದ ಕೈ ಹಿಂದೆ ತೆಗೆದುಕೊಂಡೆ. ಅದು ನಿಜಕ್ಕೂ ತಾನೇ ಮಲಗಿತು. ಮೇಲೊಂದು ಫ್ಲಾನಲ್ ಹೊದಿಸಿ, ಫ್ಯಾನು ಆರಿಸಿ, ಮಗು ಮಲಗಿದ ಮನೆಯ ಹಾಗೆ ಇಬ್ಬರೂ ಹೊರಗೆ ಬಂದು ಕೂತೆವು. ಬೇಗ ತಣ್ಣಗಾದರೆ ಸೊಟ್ಟಗಾಗುತ್ತದಂತೆ.

ಶೆಡ್ಡಿನಲ್ಲಿ ವೆಲ್ಡರ್ ಕಬ್ಬಿಣದ ಪಟ್ಟಿಯಲ್ಲಿ ಎರಡು ಚೌಕಟ್ಟು ಮಾಡಿಟ್ಟಿದ್ದ, ಮೇಲೊಂದು ಕೆಳಗೊಂದು. ಹಾಳೆಯ ಎರಡೂ ಕಡೆ ರಬ್ಬರು. ಹಾಳೆಯ ಅಂಚಿಗೂ ಚೌಕಟ್ಟಿಗೂ ನಡುವೆ ಕಿರುಬೆರಳಿನ ಉಗುರಿನಷ್ಟು ಖಾಲಿ ಜಾಗ. ಸ್ಕ್ರೂಗಳು ಹಾಳೆಯನ್ನು ಮುಟ್ಟುವುದೇ ಇಲ್ಲ. ಅವು ಚೌಕಟ್ಟನ್ನು ಹಿಡಿಯುತ್ತವೆ, ಚೌಕಟ್ಟು ರಬ್ಬರನ್ನು ಹಿಡಿಯುತ್ತದೆ, ರಬ್ಬರು ಹಾಳೆಯನ್ನು. ಸಿಲಿಕಾನ್ ಕೂಡ ಹುಳಿ ವಾಸನೆ ಬಾರದ ಜಾತಿಯದನ್ನೇ ಹುಡುಕಿ ತಂದೆ, ಹುಳಿಯದು ಅಕ್ರಿಲಿಕ್ಕನ್ನು ತಿನ್ನುತ್ತದೆ. ಇಷ್ಟೆಲ್ಲ ಆಗಿ ಕಾರನ್ನು ಮತ್ತೆ ಬಿಸಿಲಿಗೆ ನಿಲ್ಲಿಸಿದಾಗ ನಾವಿಬ್ಬರೂ ಊಟ ಮಾಡಿದ್ದು ನಿಂತುಕೊಂಡೇ, ಕಿವಿ ಹೊರಗಿಟ್ಟುಕೊಂಡು. ಎರಡು ದಿನ ಕಾದೆವು. ಏನೂ ಸದ್ದಾಗಲಿಲ್ಲ.

ಕಾರನ್ನು ನಾನೇ ಜಯನಗರಕ್ಕೆ ಓಡಿಸಿಕೊಂಡು ಹೋದೆ, ವೆಲ್ಡರ್ ಪಕ್ಕದಲ್ಲಿ. ನೀರಿನ ಪರೀಕ್ಷೆಯನ್ನು ಅವರ ಗೇಟಿನ ಮುಂದೆಯೇ ಇಟ್ಟುಕೊಂಡಿದ್ದೆ, ಕಣ್ಣಾರೆ ನೋಡಲಿ ಎಂದು. ಆದರೆ ಅಮ್ಮನವರು ಹೊರಗಿನಿಂದ ನೋಡಲು ಒಪ್ಪಲಿಲ್ಲ.

"ನೆನೆಯೋಳು ನಾನು ತಾನೆ? ನಾನೇ ಒಳಗೆ ಮಲಗ್ತೀನಿ. ಸುರೀರಿ ನೀರು."

ಯಜಮಾನರೂ ಮನೆಯ ಕೆಲಸದವರೂ ಸೇರಿ ಅವರನ್ನು ಒಳಗೆ ಮಲಗಿಸಿದರು. ನಾನು ಗಿಡಕ್ಕೆ ಹಾಕುವ ಪೈಪು ಹಿಡಿದು ಕಿಟಕಿಯ ಮೇಲೆ ನೀರು ಬಿಟ್ಟೆ. ಒಳಗಿನಿಂದ ಅವರ ಮುಖ ನೀರಿನಡಿಯಲ್ಲಿ ಅಲುಗುತ್ತಿತ್ತು, ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈ ಮೇಲೆತ್ತಿ ಹಣೆ ತೋರಿಸಿದರು.

"ಒಂದು ಹನಿ ಬಿತ್ತು. ತೀರ್ಥ ಅಂದ್ಕೊಳ್ಳಲೋ, ಸೋರಿಕೆ ಅಂದ್ಕೊಳ್ಳಲೋ?"

ರಬ್ಬರನ್ನು ಸುತ್ತ ಮುಟ್ಟಿ ನೋಡಿದೆ, ಒಣಗಿತ್ತು. ಹನಿ ಬಿದ್ದದ್ದು ಮೂಲೆಯಿಂದ. ಇಂಥ ಕಿಟಕಿಗೆ ಸುತ್ತಲೂ ಒಂದು ಕಾಲುವೆ ಇರುತ್ತದೆ, ಅಲ್ಲಿಗಿಳಿದ ನೀರು ಮೂಲೆಯ ಕೊಳವೆಯಿಂದ ಹರಿದು ಚಕ್ರದ ಹತ್ತಿರ ಹೊರಗೆ ಹೋಗಬೇಕು. ವೆಲ್ಡರ್ ಸೈಕಲ್ ಪಂಪಿನಿಂದ ಕೊಳವೆಗೆ ಗಾಳಿ ಕೊಟ್ಟ. ಕೆಳಗಿನಿಂದ ಪುಳಕ್ಕನೆ ಒಂದು ಹಿಡಿ ಕೊಳೆತ ಗುಲ್‌ಮೊಹರ್ ಎಲೆ ಹೊರಬಿತ್ತು.

"ಹೊಡದದ್ದೂ ಇದss ಗಿಡ, ಕಟ್ಟಿದ್ದೂ ಇದss ಗಿಡ," ಎಂದು ಅವನು ಮರವನ್ನು ದುರುಗುಟ್ಟಿ ನೋಡಿದ.

ಮತ್ತೆ ನೀರು ಬಿಟ್ಟೆವು. ಬಹಳ ಹೊತ್ತು ಬಿಟ್ಟೆವು. ಒಂದು ಹನಿಯೂ ಇಲ್ಲ. ಕೂರಿಸುವ ಮುಂಚೆ ರಕ್ಷಣೆಗೆಂದು ಹಾಳೆಗೆ ಅಂಟಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನು ಕೊನೆಗೆ ಎಳೆದು ತೆಗೆದೆ. ಕಿಟಕಿ ಹೊಳೆಯಿತು. ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಮನಸ್ಸು ತುಂಬಿ ಬಂತು.

ನಮ್ಮ ಶೆಡ್ಡಿನದೊಂದು ಪದ್ಧತಿಯಿದೆ. ಕೆಲಸ ಮುಗಿದ ಕಾರನ್ನು ಒಪ್ಪಿಸುವ ಮುಂಚೆ ಅದರ ನೆತ್ತಿಯ ನಡುವೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿ ಕೈಮುಗಿಯುತ್ತೇನೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹಾಗೆ ಮಾಡುತ್ತಿದ್ದರು, ನಾನೂ ಬಿಟ್ಟಿಲ್ಲ. ಕೈಗೆ ಅದು ಎಷ್ಟು ರೂಢಿಯೆಂದರೆ ತಲೆಯನ್ನು ಕೇಳುವುದಿಲ್ಲ. ಅಂಗಿ ಜೇಬಿನಿಂದ ಎಲೆ ತೆಗೆದೆ, ನೆತ್ತಿಯ ನಡುವೆ ಇಟ್ಟೆ, ಕರ್ಪೂರ ಹಚ್ಚಿದೆ, ಕಣ್ಣು ಮುಚ್ಚಿ ಕೈಮುಗಿದೆ.

ಕಾರಿನೊಳಗಿಂದ ಸಂತೋಷದ ಕೂಗು ಬಂತು. "ರೀ! ಇಲ್ನೋಡ್ರಿ, ಮಂಗಳಾರತಿ ನನಗೇ ಎತ್ತಿದಾರೆ! ಬದುಕಿರೋವಾಗ್ಲೇ ದೇವರು ಮಾಡ್ಬಿಟ್ರಲ್ಲ!" ಹಿಂದೆಯೇ, "ಅದೇನೋ ವಾಸನೆ ಬರ್ತಿದೆಯಲ್ಲ?"

ಕಣ್ಣು ಬಿಟ್ಟೆ. ಬೇರೆ ಕಾರುಗಳ ನೆತ್ತಿಯ ನಡುವೆ ಇರುವುದು ತಗಡು. ಈ ಕಾರಿನ ನೆತ್ತಿಯ ನಡುವೆ ಇದ್ದದ್ದು ನನ್ನ ಕಿಟಕಿ. ಉರಿಯುವ ಎಲೆಯನ್ನು ಬರಿಗೈಯಲ್ಲೇ ಬಾಚಿ ಎಸೆದೆ. ಎಲೆಯಡಿಯಲ್ಲಿ ನಾಣ್ಯದಗಲದ ಗುರುತು, ಮೊಸರಿನ ಹಾಗೆ ಬೆಳ್ಳಗೆ.

ಸುಟ್ಟ ಬೆರಳುಗಳನ್ನು ಮುಚ್ಚಿಕೊಂಡು, "ಕಾರು ವಾಪಸ್ ತಗೊಂಡೋಗ್ತೀನಿ ಸಾರ್. ಇನ್ನೊಂದು ಮಾಡ್ಕೊಡ್ತೀನಿ," ಎಂದೆ.

ಅಮ್ಮನವರು ಮಲಗಿದಲ್ಲಿಂದಲೇ ಹೇಳಿದರು, "ನಾಳೆ ನಾನು ಗೊಟ್ಟಿಗೆರೆಗೆ ಹೋಗ್ಬೇಕು. ಕಾರು ಎಲ್ಲಿಗೂ ಬರಲ್ಲ."

"ಅಮ್ಮ, ನನ್ನ ಕೆಲಸದಲ್ಲಿ ಕಲೆ ಇದ್ರೆ ನಂಗೆ ನಿದ್ದೆ ಬರಲ್ಲ."

"ನಂಗೆ ಎಷ್ಟು ತಿಂಗಳಿಂದ ನಿದ್ದೆ ಇಲ್ಲ ಗೊತ್ತಾ? ನೀವೂ ನಾಲ್ಕು ದಿನ ಎದ್ದಿರಿ, ಏನೂ ಆಗಲ್ಲ."

ಅಲ್ಲೇ ನಿಂತು ನೀರು ಹಾಕಿ ಮರಳುಕಾಗದದಲ್ಲಿ ಉಜ್ಜಿದೆ. ಮೊದಲು ಒರಟು, ಆಮೇಲೆ ನುಣುಪು, ಆಮೇಲೆ ಇನ್ನೂ ನುಣುಪು, ಕೊನೆಗೆ ಪಾಲಿಶ್. ಬಿಳಿ ಹೋಯಿತು. ಆದರೆ ಆ ಜಾಗದಲ್ಲಿ ಒಂದು ಸಣ್ಣ ತಗ್ಗು ಉಳಿಯಿತು, ಬೆರಳಾಡಿಸಿದರೆ ಗೊತ್ತಾಗುವಷ್ಟು.

ಒಂದು ಸುತ್ತು ಹೋಗಿ ನೋಡೋಣ ಎಂದರು ಯಜಮಾನರು. ಅವರೇ ಓಡಿಸಿದರು, ನಾನು ಮುಂದೆ ಕೂತೆ. ಬಕೆಟ್ಟು ಮಾತ್ರ ಅಮ್ಮನವರ ಪಕ್ಕದಲ್ಲೇ ಇತ್ತು. ನಾನು ರಸ್ತೆ ನೋಡಲಿಲ್ಲ, ಕಿವಿಯೆಲ್ಲ ಹಿಂದಕ್ಕೇ ಇತ್ತು. ಮೊದಲ ತಿರುವಿನ ತನಕ ಅವರು ಉಸಿರೆತ್ತಲಿಲ್ಲ. ಆಮೇಲೆ ಶುರುವಾಯಿತು.

"ಇದು ಸಂಪಿಗೆ ಮರ. ಈಗ ಹೊಂಗೆ ಬರತ್ತೆ... ಬಂತು. ರೀ, ಬಲಕ್ಕೆ ತಿರುಗ್ಬೇಡಿ, ಅಲ್ಲಿ ಮೆಟ್ರೋ ಕಂಬ, ಬರೀ ಸಿಮೆಂಟು. ಎಡಕ್ಕೆ ಹೋಗಿ."

ಯಜಮಾನರು ಎಡಕ್ಕೆ ತಿರುಗಿಸಿದರು. ಅವರ ಭುಜ ಇಳಿದು ಹಗುರಾದದ್ದು ನನಗೆ ಕಂಡಿತು.

"ಮೇಸ್ತ್ರಿಗಳೇ," ಎಂದರು ಅಮ್ಮನವರು, "ನಿಮ್ಮ ಕರ್ಪೂರದ ಜಾಗ ಇದೆಯಲ್ಲ, ಪ್ರತಿ ಕೊಂಬೇನೂ ಅಲ್ಲಿ ಬಂದಾಗ ಒಂದ್ಸಲ ಬಗ್ಗಿ ಹೋಗತ್ತೆ. ನಮಸ್ಕಾರ ಮಾಡ್ದಂಗೆ."

ಬಕೆಟ್ಟು ಒಣಗಿಯೇ ಮನೆಗೆ ವಾಪಸ್ ಬಂತು. ಮರುದಿನ ಅವರು ಗೊಟ್ಟಿಗೆರೆಗೆ ಹೋದರು. ಆಮೇಲೂ ತಪ್ಪಿಸಲಿಲ್ಲವಂತೆ.

ನಾನು ಮಾತ್ರ ಸುಮ್ಮನಿರಲಿಲ್ಲ. ಅಚ್ಚು ಇತ್ತು, ಭಾಯ್ ಇದ್ದರು. ಕಲೆಯಿಲ್ಲದ ಮತ್ತೊಂದು ಹಾಳೆ ಮಾಡಿ, ಮಿಕ್ಕ ಫ್ಲಾನಲ್ಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಯಾವಾಗ ಫೋನು ಮಾಡಿದರೂ ಅಮ್ಮನವರದು ಒಂದೇ ಮಾತು: "ಈಗ ಬಿಡುವಿಲ್ಲ, ಆಮೇಲೆ ನೋಡೋಣ."

ಮಳೆಗಾಲ ಕಳೆದು ಚಳಿಯೂ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಆ ಕಾರು ಏರು ಹತ್ತಿಕೊಂಡು ಬಂತು. ರೂಫ್ ನೋಡಿಯೇ ಗುರುತಿಸಿದೆ. ಯಜಮಾನರು ಇಳಿದು ಬಂದು ಮುಂದಿನ ಎಡಬಾಗಿಲು ತೆಗೆದರು. ಮುಂದಿನ ಸೀಟಿನಿಂದ ಅಮ್ಮನವರು ಇಳಿದರು. ಕೋಲು ಊರಿ, ಯಜಮಾನರ ತೋಳು ಹಿಡಿದು, ಆದರೆ ತಮ್ಮ ಕಾಲ ಮೇಲೆ. ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಭುಜದಷ್ಟೂ ಎತ್ತರ ಇಲ್ಲ.

"ದೂರು ಕೊಡೋಕೆ ಬಂದಿದೀನಿ," ಎಂದರು. "ಈಗ ಕೂತ್ಕೊಂಡು ಹೋಗ್ತೀನಲ್ಲ, ನಿಮ್ಮ ಕಿಟಕಿ ಕಾಣ್ಸಲ್ಲ. ಮುಂದಿನ ಸೀಟಿನ ಮೇಲೂ ಒಂದು ಕೊರೀರಿ."

"ಅದು ಆಗಲ್ಲಮ್ಮ. ಅಲ್ಲಿ ಅಡ್ಡಪಟ್ಟಿ ಇದೆ, ಕೊರೆದ್ರೆ ರೂಫಿಗೆ ಬಲ ಇರಲ್ಲ. ನೀವು ಕೇಳಿದ್ರೂ ಮಾಡಲ್ಲ. ಹಿಂದಿನದು ಹೊಸದು ಮಾಡಿಟ್ಟಿದೀನಿ, ಅದನ್ನ ಬದಲಾಯಿಸಿಕೊಡ್ತೀನಿ," ಎಂದು ಅಟ್ಟದಿಂದ ಇಳಿಸಿ ಬಿಚ್ಚಿ ತೋರಿಸಿದೆ.

ಅವರು ಬಾಗಿಲಲ್ಲೇ ನಿಂತು ಹಾಳೆಯನ್ನು ನೋಡಿದರು, ನಮ್ಮ ಶೆಡ್ಡಿನ ಸೂರನ್ನೂ ನೋಡಿದರು. "ಗವಿ ಇದ್ದಂಗಿದೆ ಇದು. ನಿಮ್ಮ ಬೆಂಚಿನ ಮೇಲ್ಗಡೆ ಸೂರಿಗೆ ಹಾಕ್ಕೊಳ್ಳಿ ಅದನ್ನ. ನನ್ನದು ನನಗಿರ್ಲಿ."

"ಬರೋಬ್ಬರಿ ಹೇಳಿದ್ರಿ ಅಮ್ಮಾರ," ಎಂದ ವೆಲ್ಡರ್. ಇಂಥ ಮಾತಿಗೆ ಅವನು ಕಾಯುತ್ತಲೇ ಇರುತ್ತಾನೆ.

ಹೊರಡುವಾಗ ಯಜಮಾನರು ಮುಂದಿನ ಬಾಗಿಲು ತೆಗೆದು ನಿಂತರು. ಅಮ್ಮನವರು ಅದನ್ನು ದಾಟಿ ಹಿಂದಿನ ಬಾಗಿಲಿಗೆ ಹೋದರು. "ಸೀಟು ಮಡಚಿ."

"ಯಾಕೆ, ನೋಯ್ತಿದ್ಯಾ?" ಯಜಮಾನರು ಗಾಬರಿಯಾದರು.

"ನೋವೇನಿಲ್ಲ. ಅವತ್ತು ವಿಧಿಯಿಲ್ದೆ ಮಲಗಿದ್ದೆ. ಇವತ್ತು ಮಲಗ್ಬೇಕು ಅನ್ನಿಸ್ತು, ಮಲಗ್ತೀನಿ."

ಯಜಮಾನರು ನನ್ನ ಕಡೆ ನೋಡಿ ಕೈ ಚೆಲ್ಲಿದರು, ಸೀಟು ಮಡಚಿದರು, ಬೆಲ್ಟು ಹಾಕಿದರು. ಕಾರು ಇಳಿಜಾರಿನಲ್ಲಿ ನಿಧಾನ ಹೊರಟಿತು. ಮೇಲಿನಿಂದ ನೋಡಿದರೆ ಕಿಟಕಿಯ ನಾಲ್ಕೂ ಅಂಚು ಸರಿಯಾಗಿತ್ತು, ರಬ್ಬರು ಎಲ್ಲೂ ಎದ್ದಿರಲಿಲ್ಲ. ಅದನ್ನೇ ನೋಡುತ್ತ ನಿಂತಿದ್ದಾಗ ಒಳಗಿನಿಂದ ಒಂದು ಕೈ ಮೇಲೆ ಬಂತು. ಬಳೆ ತೊಟ್ಟ ಕೈ. ಕರ್ಪೂರದ ತಗ್ಗಿನ ಕೆಳಗೆ ಬೆರಳಿಟ್ಟು, ಅಲ್ಲಿ ಎರಡು ಸಲ ತಟ್ಟಿತು.

ನಾನೂ ಕೈ ಎತ್ತಿದೆ. ಆಕಾಶ ನೋಡುತ್ತ ಮಲಗಿದವರಿಗೆ ಅದು ಕಂಡಿರಲಾರದು. ಕಾರು ಕೆಳಗಿನ ಹೊಂಗೆ ಮರದ ಹತ್ತಿರ ಎಡಕ್ಕೆ ತಿರುಗಿತು. ಬಲಕ್ಕೆ ಹೋಗಿದ್ದರೆ ಜಯನಗರ ಹತ್ತಿರ, ಆದರೆ ಮರಗಳಿರುವುದು ಎಡಗಡೆ.